ಯಾರ ಜೇಬು, ಯಾವ ತಿಂಗಳು?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ದಿನಾ ಓಡಾಡುವವರದ್ದೇ. ರೈಲು ಸಾಲದು, ಬಸ್ಸು ಸಾಲದು, ಕೇಳಿದರೆ ದುಡ್ಡಿಲ್ಲ ಅಂತಾರೆ, ನಾವು ಏನು ಮಾಡಬೇಕು? ಎಲ್ಲರದ್ದೂ ಇದೇ ಮಾತು. ಹಾಗಾಗಿ ಮದುವೆ, ಸಾಲ, ಮಕ್ಕಳ ಓದಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಪುಟಗಳನ್ನು ಪ್ರಯಾಣಿಕರಿಗೇ ಬಿಟ್ಟಿದ್ದೇವೆ. ಕೆಲವು ಪತ್ರಗಳನ್ನು ಮೊಟಕು ಮಾಡಿದ್ದೇವೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾವು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರು. ಒಂದೇ ಬೋಗಿಯಲ್ಲಿ ಒಂದಷ್ಟು ಜನ ಪರಿಚಯ ಆಗಿದ್ದೇವೆ. ಎಲ್ಲ ಸೇರಿ ಒಂದು ಮನವಿ ಬರೆದು ಜನಪ್ರತಿನಿಧಿಗಳಿಗೆ ಕೊಟ್ಟೆವು. ಬೋಗಿ ಜಾಸ್ತಿ ಮಾಡಿ, ಬೆಳಿಗ್ಗೆ ಇನ್ನೊಂದು ರೈಲು ಬಿಡಿ, ಪ್ಲಾಟ್‌ಫಾರ್ಮಿಗೆ ನೆರಳು ಹಾಕಿ, ನಿಲ್ದಾಣಕ್ಕೆ ಬಸ್ಸು ಬಿಡಿ, ಉಪನಗರ ರೈಲನ್ನು ನಮ್ಮೂರಿಗೂ ತನ್ನಿ ಅಂತ ಎಲ್ಲ ಬರೆದಿದ್ದೆವು. ಶಾಲು ಹೊದಿಸಿ ಫೋಟೊ ತೆಗೆಸಿಕೊಂಡು ಬಂದೆವು. ಆಮೇಲೆ ಸುದ್ದಿಯೇ ಇಲ್ಲ. ಎಲ್ಲಿ ತಪ್ಪಿದ್ದೇವೆ?
(ಓದುಗರು, ದೊಡ್ಡಬಳ್ಳಾಪುರ)

ಉತ್ತರ: ಶಾಲಿನಲ್ಲಿ ತಪ್ಪಿಲ್ಲ ಬಿಡಿ. ತಪ್ಪಿರುವುದು ಮನವಿಯಲ್ಲಿ. ನೀವು ಕೇಳಿದ್ದು ಐದು ವಿಷಯ. ಐದಕ್ಕೂ ದುಡ್ಡು ಬೇರೆ ಬೇರೆ ಕಡೆಯಿಂದ ಬರಬೇಕು, ಸಹಿ ಹಾಕೋರೂ ಬೇರೆ ಬೇರೆ. ಅಂಥ ಪತ್ರ ಯಾವ ಕಚೇರಿಗೆ ಹೋದರೂ ಅಲ್ಲಿನ ಗುಮಾಸ್ತರು 'ಸಂಬಂಧಪಟ್ಟವರಿಗೆ ಕಳಿಸಿದೆ' ಅಂತ ಬರೆದು ಕೈ ತೊಳೆದುಕೊಳ್ಳಬಹುದು. ಐದರಲ್ಲಿ ನಾಲ್ಕು ಅವರಿಗೆ ಸಂಬಂಧ ಇಲ್ಲದ್ದೇ ಅಲ್ವಾ?

ಒಂದೊಂದಾಗಿ ನೋಡಿ. ಈಗಿರುವ ರೈಲಿಗೆ ಬೋಗಿ ಸೇರಿಸುವುದು ರೈಲ್ವೆಯ ಕೆಲಸ. ನಿಮ್ಮ ಕಡೆ ಜೋಡಿ ಹಳಿ ಇದೆ, ವಿದ್ಯುತ್ ಇದೆ, ಅದಕ್ಕೆ ದೊಡ್ಡ ಯೋಜನೆಯ ಮಂಜೂರಾತಿ ಬೇಕಿಲ್ಲ, ಬೇಕಾಗಿರುವುದು ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಬೋಗಿಗಳು ಮತ್ತು ಅವನ್ನು ನಿಮ್ಮ ಕಡೆಗೆ ಕೊಡುವ ಮನಸ್ಸು. ಅದನ್ನು ಬೆಂಗಳೂರಿನ ವಿಭಾಗೀಯ ಕಚೇರಿಗೆ ಬರೆದು, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೇಂದ್ರ ಕಚೇರಿಗೆ ಪ್ರತಿ ಹಾಕಬೇಕು. ಹೊಸ ರೈಲು ಅಂದ್ರೆ ಅದು ದೆಹಲಿಯ ರೈಲ್ವೆ ಮಂಡಳಿವರೆಗೂ ಹೋಗುವ ಕಡತ. ಸಂಸದರ ಒತ್ತಡ ನಿಜಕ್ಕೂ ಕೆಲಸಕ್ಕೆ ಬರುವುದು ಅಲ್ಲಿ. ಪ್ಲಾಟ್‌ಫಾರ್ಮಿನ ನೆರಳು ಚಿಕ್ಕ ಕೆಲಸ. ಪ್ರಯಾಣಿಕರ ಸೌಲಭ್ಯ ಅಂತ ರೈಲ್ವೆಗೆ ಬೇರೆಯೇ ಹಣ ಇರುತ್ತದೆ, ಅದೂ ಆಗದಿದ್ದರೆ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕ್ಷೇತ್ರಾಭಿವೃದ್ಧಿ ನಿಧಿ ಇದೆ. ಶಾಸಕರ ನಿಧಿಯಲ್ಲಿ ಕಟ್ಟಿದ ಬಸ್ ತಂಗುದಾಣಗಳ ಮೇಲೆ ಹೆಸರು, ಫೋಟೊ ಎಷ್ಟು ದೊಡ್ಡದಾಗಿರುತ್ತೆ ನೋಡಿದ್ದೀರಲ್ಲ. ಅದನ್ನು ಆಡಿಕೊಳ್ಳಬೇಡಿ, ಉಪಯೋಗಿಸಿಕೊಳ್ಳಿ. ಹೆಸರು ಅವರದ್ದಿರಲಿ, ನೆರಳು ನಿಮ್ಮದು. ನಿಲ್ದಾಣದ ಬಸ್ಸು ಕೆಎಸ್‌ಆರ್‌ಟಿಸಿ ಡಿಪೊ ವ್ಯವಸ್ಥಾಪಕರ ಮಟ್ಟದಲ್ಲೇ ಆಗಬಹುದು, ರೈಲು ಬರುವ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೂತು ಮಾತಾಡಿದರೆ ಸಾಕು.

ಕೊನೆಯದೇ ಕಷ್ಟದ್ದು. ಬೆಂಗಳೂರು ಉಪನಗರ ರೈಲಿನ ನಾಲ್ಕು ಮಾರ್ಗಗಳಲ್ಲಿ ನಿಮಗೆ ಹತ್ತಿರವಾದ 'ಕನಕ' ಮಾರ್ಗ ಹೀಲಲಿಗೆಯಿಂದ ಹೊರಟು ರಾಜಾನುಕುಂಟೆಗೆ ನಿಲ್ಲುತ್ತದೆ. ನಿಮ್ಮೂರು ಅಲ್ಲಿಂದ ಕೂಗಳತೆ, ಆದರೆ ಮಂಜೂರಾದ ಕಾಗದದಲ್ಲಿ ಇಲ್ಲ. ಈ ಯೋಜನೆ ಮಾಡುತ್ತಿರುವ ಕೆ-ರೈಡ್‌ನಲ್ಲಿ ರಾಜ್ಯ ಸರ್ಕಾರದ ಪಾಲು 51%, ರೈಲ್ವೆ ಸಚಿವಾಲಯದ ಪಾಲು 49%. ವಿಸ್ತರಣೆ ಆಗಬೇಕು ಅಂದ್ರೆ ರಾಜ್ಯ ಕೇಳಬೇಕು, ರೈಲ್ವೆ ಒಪ್ಪಬೇಕು, ಎರಡೂ ಕಡೆ ಬಜೆಟ್‌ನಲ್ಲಿ ಹಣ ಇಡಬೇಕು. ಇದು ವರ್ಷಗಳ ಕೆಲಸ. ಇದನ್ನು ನೆರಳು, ಬೋಗಿಯ ಜೊತೆ ಒಂದೇ ಹಾಳೆಯಲ್ಲಿ ಹಾಕಿದರೆ ಎಲ್ಲವೂ ಇದರ ಜೊತೆ ಕಪಾಟಿಗೆ ಹೋಗುತ್ತವೆ.

ಹಾಗಾಗಿ ಐದು ಪತ್ರ ಬರೆಯಿರಿ. ಮೊದಲು ಕೊಡಬೇಕಾದ್ದು ಬೋಗಿಯದ್ದು, ಯಾಕೆಂದರೆ ಬೇಗ ಆಗುವುದು ಅದು, ಮತ್ತು ಒಂದು ಕೆಲಸ ಆಯ್ತು ಅಂದ್ರೆ ಪಕ್ಕದ ಬೋಗಿಯವರೂ ನಿಮ್ಮ ಜೊತೆ ಬರುತ್ತಾರೆ. ಅದರ ಜೊತೆ ಲೆಕ್ಕ ಇಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ರೈಲು ಬಂದ ಹೊತ್ತು, ಯಲಹಂಕ ಬರುವಷ್ಟರಲ್ಲಿ ಬಾಗಿಲ ಹತ್ತಿರ ನಿಂತವರು ಎಷ್ಟು ಅಂತ ಯಾರಾದರೂ ಒಬ್ಬರು ಬರೆಯಲಿ. 'ತುಂಬಾ ರಶ್ ಸಾರ್' ಅನ್ನುವ ಮಾತನ್ನು ಅಧಿಕಾರಿಗಳು ದಿನಾ ಕೇಳುತ್ತಾರೆ. ಒಂದು ತಿಂಗಳ ಕೈಬರಹದ ಪಟ್ಟಿಯನ್ನು ಅಷ್ಟು ಸುಲಭವಾಗಿ ಪಕ್ಕಕ್ಕಿಡಲು ಬರೋದಿಲ್ಲ.

ಇನ್ನೊಂದು ಮಾತು, ಯಾರೂ ಬೇಸರ ಮಾಡಿಕೊಳ್ಳಬಾರದು. ಟಿಕೆಟ್ ತಗೊಳ್ಳಿ, ಪಾಸ್ ಮಾಡಿಸಿ, ಅದೂ ನಿಮ್ಮ ನಿಲ್ದಾಣದಿಂದಲೇ. ಚಿಕ್ಕ ಹಾಲ್ಟ್‌ಗಳಲ್ಲಿ ಹತ್ತುವ ಎಷ್ಟೋ ಜನ ಮುಂದಿನ ದೊಡ್ಡ ನಿಲ್ದಾಣದ ಪಾಸ್ ಇಟ್ಟುಕೊಂಡಿರುತ್ತಾರೆ, ಇನ್ನು ಕೆಲವರು ಅದನ್ನೂ ಇಟ್ಟುಕೊಂಡಿರುವುದಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಆ ಹಾಲ್ಟ್‌ನಲ್ಲಿ ಜನವೇ ಇಲ್ಲ ಅಂತ ಬರುತ್ತದೆ. ರೈಲ್ವೆ ಹೊಸ ನಿಲುಗಡೆ ಕೊಟ್ಟರೂ ಸಾಮಾನ್ಯವಾಗಿ ಮೊದಲು ಪ್ರಾಯೋಗಿಕ ಅಂತಲೇ ಕೊಡುವುದು, ಆಮೇಲೆ ಟಿಕೆಟ್ ಮಾರಾಟ ನೋಡಿ ಉಳಿಸಬೇಕೋ ಬೇಡವೋ ಅಂತ ನಿರ್ಧಾರ ಮಾಡುತ್ತಾರೆ.

ಪ್ರಶ್ನೆ: ಪ್ರತಿ ಬಜೆಟ್‌ನಲ್ಲೂ ಘೋಷಣೆ ಆಗುತ್ತೆ, ಪತ್ರಿಕೆಯಲ್ಲಿ ಮುಖಪುಟ, ನಾವು ಸಿಹಿ ಹಂಚುತ್ತೇವೆ. ಕೆಲಸ ಮಾತ್ರ ಶುರು ಆಗಲ್ಲ. ಘೋಷಣೆ ಆದ ದುಡ್ಡು ಎಲ್ಲಿ ಹೋಗುತ್ತೆ?
(ಓದುಗರು, ತುಮಕೂರು)

ಉತ್ತರ: ಎಲ್ಲಿಗೂ ಹೋಗಿರುವುದಿಲ್ಲ, ಯಾಕೆಂದರೆ ಎಷ್ಟೋ ಸಲ ಬಂದೇ ಇರುವುದಿಲ್ಲ. ಘೋಷಣೆ ಬೇರೆ, ಮಂಜೂರಾತಿ ಬೇರೆ, ಬಿಡುಗಡೆ ಬೇರೆ. ಸಿಹಿ ಹಂಚಬೇಕಾದ್ದು ಮೂರನೆಯದಕ್ಕೆ. ನಾವು ಮೊದಲನೆಯದಕ್ಕೇ ಪೆಟ್ಟಿಗೆ ಖಾಲಿ ಮಾಡಿಬಿಡುತ್ತೇವೆ.

ಉಪನಗರ ರೈಲಿನ ಕಥೆಯನ್ನೇ ತಗೊಳ್ಳಿ. ಬೆಂಗಳೂರಿಗೆ ಇಂಥ ರೈಲು ಬೇಕು ಅನ್ನುವ ಮಾತು 1983ರಿಂದ ಇದೆ. 2018ರ ಕೇಂದ್ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ 160 ಕಿ.ಮೀ. ಜಾಲ, 17,000 ಕೋಟಿ ರೂಪಾಯಿ ಅಂದರು. ಊರೆಲ್ಲ ಸಂಭ್ರಮ. 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 148 ಕಿ.ಮೀ., 18,600 ಕೋಟಿ ಅಂದರು. ಮತ್ತೆ ಸಂಭ್ರಮ. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ, ಆಗ ಮೊತ್ತ 15,767 ಕೋಟಿ. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಜೂನ್ 20ರಂದು, 40 ತಿಂಗಳಲ್ಲಿ ಮುಗಿಯುತ್ತೆ ಅಂತ ಮಾತು ಬಂತು. ಆ 40 ತಿಂಗಳು ಕಳೆದರೂ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರಿಟ್ಟ ನಾಲ್ಕರಲ್ಲಿ ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ಹೂವಿನ ಹೆಸರುಗಳು ಮಾತ್ರ ಚೆನ್ನಾಗಿವೆ.

ಇದನ್ನು ಹೇಳಿದ್ದು ನಿಮ್ಮನ್ನು ಕುಗ್ಗಿಸೋಕಲ್ಲ. ಯಾವ ಕಾಗದ ನೋಡಬೇಕು ಅಂತ ಹೇಳೋಕೆ. 2017ರಿಂದ ರೈಲ್ವೆಗೆ ಬೇರೆ ಬಜೆಟ್ ಇಲ್ಲ, ಸಾಮಾನ್ಯ ಬಜೆಟ್‌ನಲ್ಲೇ ಸೇರಿಸಿದ್ದಾರೆ. ಭಾಷಣದಲ್ಲಿ ನಮ್ಮ ಊರಿನ ಹೆಸರು ಹುಡುಕುವುದು ಹಾಗಾಗಿ ವ್ಯರ್ಥ. ನೋಡಬೇಕಾದ್ದು 'ಪಿಂಕ್ ಬುಕ್'. ಪ್ರತಿ ವಲಯಕ್ಕೂ ಯಾವ ಕಾಮಗಾರಿಗೆ ಆ ವರ್ಷ ಎಷ್ಟು ಹಣ ಅಂತ ಸಾಲು ಸಾಲಾಗಿ ಇರುತ್ತದೆ, ರೈಲ್ವೆ ಮಂಡಳಿಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅದರಲ್ಲಿ ಕೆಲವು ಯೋಜನೆಗಳ ಮುಂದೆ ಬರೀ 1,000 ರೂಪಾಯಿ ಅಂತ ಇರುತ್ತದೆ. ಸಾವಿರ ಕೋಟಿ ಅಲ್ಲ, ಬರೀ ಸಾವಿರ ರೂಪಾಯಿ. ಯೋಜನೆ ಸತ್ತಿಲ್ಲ ಅಂತ ತೋರಿಸಲು ಇಡುವ ಮೊತ್ತ ಅದು. ಇಬ್ಬರು ಕೂತು ಮಸಾಲೆ ದೋಸೆ, ಕಾಫಿ ಮುಗಿಸಿ ಆಟೊದಲ್ಲಿ ಮನೆಗೆ ಹೋಗುವಷ್ಟು ಹಣ. ನಿಮ್ಮೂರಿನ ಯೋಜನೆಯ ಮುಂದೆ ಅದು ಕಂಡರೆ ಆ ಪುಟವನ್ನು ಝೆರಾಕ್ಸ್ ಮಾಡಿಸಿ, ಸಾಲಿಗೆ ಕೆಂಪು ಗೆರೆ ಎಳೆದು, ಪ್ಲಾಟ್‌ಫಾರ್ಮಿನಲ್ಲಿ ಹಂಚಿ. ಭಾಷಣ ಬೇಕಿಲ್ಲ, ಜನಕ್ಕೆ ಒಂದೇ ನೋಟಕ್ಕೆ ಅರ್ಥ ಆಗುತ್ತದೆ.

ಕೇಳುವುದಕ್ಕೂ ಕಾಲ ಇದೆ. ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಜನವರಿ ಕೊನೆಯಲ್ಲಿ ಧರಣಿ ಕೂತರೆ ಪುಸ್ತಕ ಆಗಲೇ ಅಚ್ಚಿಗೆ ಹೋಗಿರುತ್ತದೆ. ಇಲಾಖೆಗಳು ಮುಂದಿನ ವರ್ಷಕ್ಕೆ ಎಷ್ಟು ಬೇಕು ಅಂತ ಪಟ್ಟಿ ಮಾಡುವುದು ಅದಕ್ಕಿಂತ ಎಷ್ಟೋ ಮೊದಲು. ದಸರಾ ದೀಪಾವಳಿ ಹೊತ್ತಿಗೆ ನಿಮ್ಮ ಪತ್ರ ಮೇಜಿನ ಮೇಲಿರಬೇಕು. ಆಮೇಲೆ ಬಜೆಟ್ ಅಧಿವೇಶನ ನಡೆಯುವಾಗ ನಿಮ್ಮ ಸಂಸದರಿಂದ ಒಂದು ಲಿಖಿತ ಪ್ರಶ್ನೆ ಕೇಳಿಸಿ. ಸಚಿವರು ಸದನದಲ್ಲಿ ಕೊಟ್ಟ ಉತ್ತರ ದಾಖಲೆ. ರೈಲು ನಿಲ್ದಾಣದಲ್ಲಿ ಮೈಕ್ ಹಿಡಿದು ಹೇಳಿದ ಮಾತು ದಾಖಲೆ ಅಲ್ಲ.

ಅಂದಹಾಗೆ, ನೀವು ತುಮಕೂರಿನವರು. ಸಂಘಟನೆ ವಿಷಯದಲ್ಲಿ ನಿಮಗೆ ನಾವು ಹೇಳಿಕೊಡಬೇಕಾದ್ದು ಏನೂ ಇಲ್ಲ. ದಿನಾ ಹೋಗುವ ರೈಲಿಗೆ ಹುಟ್ಟುಹಬ್ಬ ಮಾಡೋರು ನೀವೇ ಅಲ್ವಾ? ಎಂಜಿನ್‌ಗೆ ಹೂವಿನ ಹಾರ, ಪೂಜೆ, ಕೇಕ್, ಎಲ್ಲ. ಹೊರಗಿನವರು ನೋಡಿ ನಗಬಹುದು. ಆದರೆ ಆ ದಿನ ಪ್ಲಾಟ್‌ಫಾರ್ಮಿಗೆ ಅಧಿಕಾರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಸಂಬಂಧ ಬೆಳೆಯುತ್ತದೆ. ಜಗಳ ಮಾಡಿಕೊಂಡೇ ಕೇಳಬೇಕು ಅಂತ ಎಲ್ಲೂ ಬರೆದಿಲ್ಲ.

ಪ್ರಶ್ನೆ: ಆನ್‌ಲೈನ್ ಸಹಿ ಸಂಗ್ರಹ ಮಾಡಿದರೆ ಉಪಯೋಗ ಇದೆಯಾ?
(ಓದುಗರು, ಹಾಸನ)

ಉತ್ತರ: ಸುದ್ದಿ ಮಾಡೋಕೆ ಇದೆ, ಹಣ ತರೋಕೆ ಕಡಿಮೆ. ಲಕ್ಷ ಸಹಿ ಬಂದರೂ ಅದರಲ್ಲಿ ನಿಮ್ಮ ಕ್ಷೇತ್ರದ ಮತದಾರರು ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಅದಕ್ಕಿಂತ ನಿಲ್ದಾಣದ ಹೆಸರು, ಪಾಸ್ ಎಲ್ಲಿಂದ ಎಲ್ಲಿಗೆ, ವಿಧಾನಸಭಾ ಕ್ಷೇತ್ರ ಯಾವುದು ಅಂತ ಮೂರು ಕಾಲಂ ಇರುವ ಕಾಗದದ ಪಟ್ಟಿ ಒಂದು ಬೋಗಿಯಲ್ಲಿ ಓಡಾಡಿದರೂ ತೂಕ ಜಾಸ್ತಿ.

ಪ್ರಶ್ನೆ: ಸಂಸದರನ್ನು ಕೇಳಿದರೆ ರಾಜ್ಯ ತನ್ನ ಪಾಲು ಕೊಟ್ಟಿಲ್ಲ ಅಂತಾರೆ. ಶಾಸಕರನ್ನು ಕೇಳಿದರೆ ಕೇಂದ್ರ ಕೊಟ್ಟಿಲ್ಲ ಅಂತಾರೆ. ನಾವು ಮಧ್ಯೆ ನಿಂತು ಯಾರನ್ನು ನಂಬೋದು?
(ಓದುಗರು, ಕೆಂಗೇರಿ)

ಉತ್ತರ: ಇಬ್ಬರನ್ನೂ ನಂಬಬೇಡಿ, ಇಬ್ಬರಿಗೂ ಒಂದೇ ಪತ್ರ ಬರೆಯಿರಿ. ಒಂದೇ ಹಾಳೆ, ಮೇಲೆ ಇಬ್ಬರ ಹೆಸರೂ ಇರಲಿ. ಅವರ ಪಾಲಿನ ಬಗ್ಗೆ ಇವರನ್ನು, ಇವರ ಪಾಲಿನ ಬಗ್ಗೆ ಅವರನ್ನು ಕೇಳುತ್ತಾ ಓಡಾಡಿದರೆ ನಿಮ್ಮ ಚಪ್ಪಲಿ ಸವೆಯುತ್ತದೆ ಅಷ್ಟೇ.

ಪಾಲಿನ ಲೆಕ್ಕ ಗುಟ್ಟೇನಲ್ಲ. ಉಪನಗರ ಯೋಜನೆಗೆ ಕೇಂದ್ರ 20% ಬಂಡವಾಳ ಹಾಕುತ್ತದೆ, 60%ವರೆಗೆ ಹೊರಗಿನ ಸಾಲ ತರಲು ನೆರವಾಗುತ್ತದೆ ಅಂತ 2020ರ ಬಜೆಟ್ ಭಾಷಣದಲ್ಲೇ ಇದೆ. ಉಳಿದದ್ದು ರಾಜ್ಯದ ತಲೆ ಮೇಲೆ. ಸಾಲ ಕೊಡಲು ಮುಂದೆ ಬಂದಿದ್ದು ಜರ್ಮನಿಯ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯೂ ಮತ್ತು ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್. ಸಾಲ ಅಂದ್ರೆ ನಾಳೆ ತೀರಿಸಬೇಕಾದ್ದು, ಅದನ್ನೂ ಮರೆಯಬೇಡಿ. ಅದೇ ಭಾಷಣದಲ್ಲಿ ಟಿಕೆಟ್ ದರ ಮೆಟ್ರೊ ಮಾದರಿಯಲ್ಲಿ ಇರುತ್ತೆ ಅಂತಲೂ ಹೇಳಿದ್ದಾರೆ. ರೈಲ್ವೆಯ ತಿಂಗಳ ಪಾಸ್‌ನಲ್ಲಿ ಓಡಾಡಿ ಅಭ್ಯಾಸ ಆದವರಿಗೆ ಇದರ ಬಿಸಿ ಆಮೇಲೆ ತಟ್ಟುತ್ತದೆ. ಹಣ ಕೊಡಿ ಅಂತ ಕೇಳುವ ಪತ್ರದಲ್ಲೇ ತಿಂಗಳ ಪಾಸ್ ಇರುತ್ತೋ ಇಲ್ವೋ ಅಂತಲೂ ಒಂದು ಸಾಲು ಹಾಕಿಬಿಡಿ.

ಯಾರು ಎಷ್ಟು ಕೊಟ್ಟರು ಅನ್ನೋದಕ್ಕೆ ಮಾಹಿತಿ ಹಕ್ಕು ಅರ್ಜಿ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇದು ಗೊತ್ತಿಲ್ಲದೆ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. 'ಯೋಜನೆ ಯಾಕೆ ತಡ?' ಅಂತ ಕೇಳಬೇಡಿ, ಅದಕ್ಕೆ ಯಾವ ದಾಖಲೆಯೂ ಇರೋದಿಲ್ಲ. 'ಈ ಆರ್ಥಿಕ ವರ್ಷದಲ್ಲಿ ರಾಜ್ಯ ಬಿಡುಗಡೆ ಮಾಡಿದ ಮೊತ್ತ, ದಿನಾಂಕ, ಖರ್ಚಾದ ಮೊತ್ತ' ಅಂತ ಕೇಳಿ. ಕೊಟ್ಟ ದುಡ್ಡು ಖರ್ಚಾಗದೆ ಕೂತಿದೆ ಅಂತ ಗೊತ್ತಾಗುವುದೂ ಉಂಟು, ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ ಆಗುತ್ತದೆ: ಭೂಮಿ ಸಿಕ್ಕಿಲ್ಲವಾ, ಗುತ್ತಿಗೆದಾರರು ಓಡಿಹೋದರಾ, ಅಥವಾ ಕಡತ ಎಲ್ಲೋ ನಿದ್ದೆ ಮಾಡುತ್ತಿದೆಯಾ?

ಯಾಕೆ ಹೇಳ್ತೀವಿ ಅಂದ್ರೆ ಎಲ್ಲ ತಡಕ್ಕೂ ಹಣವೇ ಕಾರಣ ಅಲ್ಲ. ನಿಮ್ಮ ಕೆಂಗೇರಿ ಮೇಲೆ ಹೋಗುವ ಬೆಂಗಳೂರು–ಮೈಸೂರು ಜೋಡಿ ಹಳಿಯನ್ನೇ ನೋಡಿ. ಎಲ್ಲ ಕಡೆ ಹಳಿ ಹಾಕಿ ಆದರೂ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ನಿಂತಿತ್ತು. ಟಿಪ್ಪು ಕಾಲದ ಮದ್ದಿನಮನೆ ದಾರಿಗೆ ಅಡ್ಡ ಇತ್ತು. ಒಡೆಯುವ ಹಾಗಿಲ್ಲ, ಸುತ್ತು ಹಾಕಲು ಜಾಗ ಇಲ್ಲ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಜ್ಯಾಕ್ ಕೊಟ್ಟು, ಇಂಚಿಂಚೇ ತಳ್ಳಿ ನೂರು ಮೀಟರ್‌ಗೂ ಹೆಚ್ಚು ದೂರಕ್ಕೆ ಸರಿಸಿದರು. ಅಷ್ಟು ವರ್ಷ ಪ್ರಯಾಣಿಕರು 'ದುಡ್ಡು ಕೊಡಿ' ಅಂತ ಕೂಗಿದ್ದರೂ ಏನೂ ಆಗುತ್ತಿರಲಿಲ್ಲ.

ಪ್ರಶ್ನೆ: ನಿಮ್ಮ ಪತ್ರಿಕೆಗೂ ಬರೀ ರೈಲು, ಮೆಟ್ರೊ. ನಾವು ಬಸ್ಸಿನವರು. ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಆನೇಕಲ್ ಕಡೆಯಿಂದ ಹೋಗುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಇಲ್ಲ, ಸರಿ, ಆದರೆ ಸಂಜೆ ಶಿಫ್ಟ್ ಬಿಟ್ಟ ಮೇಲೆ ಬಸ್ಸೇ ಸಿಗಲ್ಲ. 'ಫ್ರೀಯಾಗಿ ಹೋಗೋರು ಏನಮ್ಮ ಕೇಳೋದು' ಅಂತಾರೆ. ನಾವು ಕೇಳಬಾರದಾ?
(ಓದುಗಿ, ಆನೇಕಲ್ ತಾಲ್ಲೂಕು)

ಉತ್ತರ: ಕೇಳಬೇಕು ತಾಯಿ, ಎಲ್ಲರಿಗಿಂತ ಮೊದಲು ನೀವೇ ಕೇಳಬೇಕು. ಮತ್ತೆ ಬೈಗುಳ ನ್ಯಾಯವಾದದ್ದೇ, ನಾವು ರೈಲಿಗೇ ಜಾಸ್ತಿ ಪುಟ ಕೊಡುತ್ತೇವೆ.

ಫ್ರೀ ಅನ್ನೋ ಮಾತೇ ಸರಿಯಲ್ಲ. 2023ರ ಜೂನ್ 11ರಿಂದ ನೀವು ಹತ್ತುವ ಪ್ರತಿ ಸಾಮಾನ್ಯ ಬಸ್ಸಿನಲ್ಲಿ ಕಂಡಕ್ಟರ್ ನಿಮಗೆ ಶೂನ್ಯ ಟಿಕೆಟ್ ಕೊಡುತ್ತಾರಲ್ಲ, ಅದರ ಬೆಲೆಯನ್ನು ರಾಜ್ಯ ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಅಂದ್ರೆ ನಿಮ್ಮ ಪ್ರಯಾಣಕ್ಕೆ ಹಣ ಕೊಡುವವರು ಇದ್ದಾರೆ, ಸರ್ಕಾರ. ಹಾಗಿರುವಾಗ ನೀವು ಬಿಟ್ಟಿ ಗಿರಾಕಿ ಹೇಗಾಗುತ್ತೀರಿ? ಆ ಹಣ ಹೊತ್ತಿಗೆ ಸರಿಯಾಗಿ ನಿಗಮಕ್ಕೆ ಬರದೆ ಬಾಕಿ ಉಳಿದರೆ ಡೀಸೆಲ್‌ಗೆ, ಬಿಡಿಭಾಗಕ್ಕೆ, ಸಂಬಳಕ್ಕೆ ತೊಂದರೆ. ಮೊದಲು ಕತ್ತರಿ ಬೀಳುವುದು ಜನ ಕಡಿಮೆ ಅಂತ ಕಾಣುವ ರಾತ್ರಿ ಟ್ರಿಪ್‌ಗಳಿಗೆ. ನಿಮ್ಮ ಬೇಡಿಕೆ ಹಾಗಾಗಿ ಎರಡು: ಸರ್ಕಾರ ನಿಗಮದ ಬಾಕಿ ತೀರಿಸಲಿ, ನಿಗಮ ಸಂಜೆ ಟ್ರಿಪ್ ಹಾಕಲಿ. ಎರಡನ್ನೂ ಸೇರಿಸಿಯೇ ಕೇಳಿ, ಬಿಡಿಸಿದರೆ ಮತ್ತೆ ಇವರ ಮೇಲೆ ಅವರು, ಅವರ ಮೇಲೆ ಇವರು.

ಶೂನ್ಯ ಟಿಕೆಟ್ ಬಿಡಲೇಬೇಡಿ. ರಶ್‌ನಲ್ಲಿ ಕಂಡಕ್ಟರ್ ಹತ್ತಿರ ಬರದಿದ್ದರೆ 'ಇರಲಿ ಬಿಡು, ಹೇಗೂ ದುಡ್ಡಿಲ್ಲ' ಅಂತ ಇಳಿದುಬಿಡುತ್ತೇವೆ. ಆ ಯಂತ್ರದಿಂದ ಚೀಟಿ ಬಂದರೆ ಮಾತ್ರ ಆ ಹೊತ್ತಿಗೆ ಆ ರೂಟ್‌ನಲ್ಲಿ ನೀವು ಇದ್ದಿರಿ ಅಂತ ಲೆಕ್ಕ. ಎಂಟು ಗಂಟೆಯ ಬಸ್ಸು ಖಾಲಿ ಅಂತ ಅವರ ಕಾಗದದಲ್ಲಿದ್ದರೆ ಒಂಬತ್ತರ ಬಸ್ಸು ಯಾರು ಕೊಡ್ತಾರೆ?

ಕಾರ್ಖಾನೆಯವರನ್ನೂ ಬಿಡಬೇಡಿ. ಶಿಫ್ಟ್ ಎಷ್ಟು ಹೊತ್ತಿಗೆ ಬಿಡುತ್ತೆ, ಎಷ್ಟು ಹೆಂಗಸರು, ಯಾವ ಯಾವ ಹಳ್ಳಿ ಅಂತ ಕಾರ್ಖಾನೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದರೆ ಡಿಪೊದಲ್ಲಿ ಅದಕ್ಕೆ ಬೇರೆಯೇ ಮರ್ಯಾದೆ. ಬೆಂಗಳೂರಿನಲ್ಲಿ ಬಸ್ ಪ್ರಯಾಣಿಕರ ವೇದಿಕೆ ಅಂತ ಒಂದಿದೆ, ಬಸ್ ದರ ಕಡಿಮೆ ಮಾಡಿ, ಬಸ್ ಜಾಸ್ತಿ ಮಾಡಿ ಅಂತ ವರ್ಷಗಳಿಂದ ಕೇಳುತ್ತಾ ಬಂದವರು. ಒಬ್ಬೊಬ್ಬರೇ ಹೋಗುವ ಬದಲು ಅಂಥವರ ಜೊತೆ ಸೇರಿ.

ಪ್ರಶ್ನೆ: ನಾನು ಹದಿನೈದು ವರ್ಷದಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇನೆ. ಇಲ್ಲಿ ರೈಲಿಗೆ ದುಡ್ಡು ಬೇಕು ಅಂದ್ರೆ ಚುನಾವಣೆಯಲ್ಲೇ ಜನರನ್ನು ಕೇಳುತ್ತಾರೆ. ನಮ್ಮಲ್ಲೂ ಹಾಗೆ ಮಾಡಬಾರದೇಕೆ?
(ಓದುಗರು, ಸನಿವೇಲ್)

ಉತ್ತರ: ನೀವು ಹೇಳುತ್ತಿರುವುದು ಬಹುಶಃ 2020ರ ನವೆಂಬರ್‌ನ ಚುನಾವಣೆಯಲ್ಲಿ ಜನರ ಮತಕ್ಕೆ ಇಟ್ಟ 'ಮೆಷರ್ ಆರ್‌ಆರ್' ಅನ್ನುವ ಪ್ರಸ್ತಾವ. ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಮಟೆಯೊ, ಸಾಂಟಾ ಕ್ಲಾರಾ, ಮೂರೂ ಕೌಂಟಿಗಳ ಜನ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡರು, ಒಂದು ಡಾಲರ್ ಖರೀದಿಗೆ ಸೆಂಟ್‌ನ ಎಂಟನೇ ಒಂದು ಭಾಗ, 30 ವರ್ಷ, ಆ ಕಡೆಯ ಸ್ಥಳೀಯ ರೈಲು ಕ್ಯಾಲ್‌ಟ್ರೇನ್‌ಗೆ. ಮೂರನೇ ಎರಡರಷ್ಟು ಮತ ಬೇಕಿತ್ತು, ಸಿಕ್ಕಿತು. ಅದೂ ಕೋವಿಡ್‌ನಲ್ಲಿ ರೈಲು ಖಾಲಿ ಓಡುತ್ತಿದ್ದ ವರ್ಷ. ನಮಗೂ ಆಶ್ಚರ್ಯ ಆಗಿತ್ತು.

ನಮ್ಮಲ್ಲಿ ಅಂಥ ಮತಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತಾ? ನಮಗೆ ಪೂರ್ತಿ ನಂಬಿಕೆ ಇಲ್ಲ. ಮಾರಾಟ ತೆರಿಗೆ ಅಂದ್ರೆ ಕೂಲಿಯವರಿಗೂ ಅಷ್ಟೇ, ಸಾಫ್ಟ್‌ವೇರ್‌ನವರಿಗೂ ಅಷ್ಟೇ. ಮೇಲಾಗಿ ನಮ್ಮ ಜನ ಈಗಾಗಲೇ ಕೊಡುತ್ತಿದ್ದಾರೆ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದ ಒಳಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆಯೇ 17%, ಅದರ ಮೇಲೆ ಸೆಸ್ ಬೇರೆ. ನಗರ ಸಾರಿಗೆಗೆ ಅಂತಲೇ ರಾಜ್ಯ ನಗರ ಸಾರಿಗೆ ನಿಧಿ ಇದೆ, ನಗರ ಭೂಸಾರಿಗೆ ನಿರ್ದೇಶನಾಲಯ ಅದನ್ನು ನೋಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಪ್ರಯಾಣಿಕರು ಕೇಳಬೇಕಾದ್ದು ಹೊಸ ತೆರಿಗೆ ಅಲ್ಲ, ಹಳೆಯದರಲ್ಲಿ ನಮ್ಮ ಊರಿಗೆ ಬಂದಿದ್ದೆಷ್ಟು ಅಂತ.

ಆದರೆ ನಿಮ್ಮ ಊರಿನಿಂದ ಒಂದು ವಿಷಯ ಕಲಿಯಬಹುದು. ಅಲ್ಲಿ ಮತಪತ್ರದಲ್ಲೇ ಎಷ್ಟು ಹಣ, ಎಷ್ಟು ವರ್ಷ, ಯಾವ ರೈಲಿಗೆ ಅಂತ ಬರೆದಿರುತ್ತದೆ. ಜನ ಹೂಂ ಅಂದಿದ್ದು ಅದಕ್ಕೆ. ನಮ್ಮ ಮನವಿಗಳಲ್ಲಿ ಆ ಮೂರೂ ಇರುವುದಿಲ್ಲ.

ಪ್ರಶ್ನೆ: ಮೆಟ್ರೊ ದರ ಏರಿಸಿದಾಗ ಅಷ್ಟು ಗಲಾಟೆ ಆಯ್ತು. ಏನಾದರೂ ಪ್ರಯೋಜನ ಆಯ್ತಾ?
(ಓದುಗರು, ಬನಶಂಕರಿ)

ಉತ್ತರ: ಸ್ವಲ್ಪ. 2025ರ ಫೆಬ್ರುವರಿ 9ರಿಂದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕೆಲವು ದೂರಕ್ಕೆ ದುಪ್ಪಟ್ಟಿನ ಹತ್ತಿರ ಆಗಿತ್ತು. ಕೂಗು ಎದ್ದ ಮೇಲೆ ಅದೇ ವಾರದಲ್ಲಿ ಅತಿಯಾಗಿ ಏರಿದ ಕಡೆಗಳಲ್ಲಿ ಇಳಿಸಿದರು, ಆದರೆ 90 ಹಾಗೇ ಉಳಿಯಿತು. ದರ ನಿಗದಿ ಸಮಿತಿ 2024ರಲ್ಲೇ ಸಾರ್ವಜನಿಕರ ಅಭಿಪ್ರಾಯ ಕೇಳಿ ಪ್ರಕಟಣೆ ಕೊಟ್ಟಿತ್ತು. ನಿಮ್ಮ ಗುರುತಿನವರಲ್ಲಿ ಆಗ ಬರೆದವರು ಯಾರಾದರೂ ಇದ್ದಾರಾ, ಕೇಳಿ ನೋಡಿ. ಇಂಥ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಟೆಂಡರ್‌ಗಳ ನಡುವೆ ಬರುತ್ತದೆ. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಅದನ್ನು ಓದುವ ಕೆಲಸ ಒಪ್ಪಿಸಿ. ನಿವೃತ್ತರಾದ ಯಾರಾದರೂ ಸಿಕ್ಕರೆ ಖುಷಿಯಿಂದ ಮಾಡ್ತಾರೆ.

ಪ್ರಶ್ನೆ: ಜನ ಬರಲ್ಲ ಸಾರ್. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಹುಲಿಗಳು, ಭಾನುವಾರ ಸಭೆ ಕರೆದರೆ ನಾಲ್ಕೇ ಜನ. ಬಂದವರಲ್ಲೂ ಒಬ್ಬರು ಪಕ್ಷದ ಬಾವುಟ ತರುತ್ತಾರೆ. ಏನು ಮಾಡೋದು?
(ಓದುಗರು, ಬಂಗಾರಪೇಟೆ)

ಉತ್ತರ: ಭಾನುವಾರ ಯಾಕೆ ಕರೆಯುತ್ತೀರಿ? ವಾರಕ್ಕೆ ಆರು ದಿನ ಓಡಾಡಿ ಸುಸ್ತಾದವರು ಏಳನೇ ದಿನ ಮನೆ ಬಿಟ್ಟು ಬರ್ತಾರಾ? ಸಭೆ ರೈಲಿನಲ್ಲೇ ಮಾಡಿ. ಬಂಗಾರಪೇಟೆಯಿಂದ ಬೆಂಗಳೂರು ತಲುಪುವಷ್ಟು ಹೊತ್ತು ಎಲ್ಲರೂ ಒಂದೇ ಕಡೆ ಇರುತ್ತಾರೆ, ಎದ್ದು ಹೋಗೋಕೂ ಜಾಗ ಇಲ್ಲ. ಇಂಥ ಸಭಾಂಗಣ ಯಾವ ಸಂಘಕ್ಕಿದೆ ಹೇಳಿ?

'ಬೇಡ' ಅನ್ನೋದಕ್ಕೆ ಜನ ಸೇರುವಷ್ಟು 'ಬೇಕು' ಅನ್ನೋದಕ್ಕೆ ಸೇರಲ್ಲ, ಅದು ನಿಜ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಜನ ಕೈ ಕೈ ಹಿಡಿದು ನಿಂತರು, ಮುಂದಿನ ಮಾರ್ಚ್ ಹೊತ್ತಿಗೆ ಸರ್ಕಾರ ಯೋಜನೆ ಕೈಬಿಟ್ಟಿತು. 2016ರ ಡಿಸೆಂಬರ್‌ನಲ್ಲೇ ಉಪನಗರ ರೈಲಿಗಾಗಿ 'ಚುಕುಬುಕು ಬೇಕು' ಅಂತ ಅಭಿಯಾನ ನಡೆಯಿತು. ಆಗ ಎದ್ದ ಒತ್ತಡಕ್ಕೂ 2018ರ ಬಜೆಟ್ ಘೋಷಣೆಗೂ ಸಂಬಂಧ ಇಲ್ಲ ಅಂತ ನಮಗೆ ಅನ್ನಿಸುವುದಿಲ್ಲ. ಆದರೆ ಮೇಲ್ಸೇತುವೆ ನಿಲ್ಲಿಸಲು ಐದು ತಿಂಗಳು ಸಾಕಾಯಿತು, ರೈಲು ಓಡಿಸಲು ಎಷ್ಟೋ ವರ್ಷ. ಇಲ್ಲ ಅನ್ನಲು ಒಂದು ಆದೇಶ ಸಾಕು. ಆಗಲಿ ಅನ್ನಲು ಪ್ರತಿ ವರ್ಷ ಹಣ ಇಡಬೇಕು, ಅಂದರೆ ನೀವೂ ಪ್ರತಿ ವರ್ಷ ಕೇಳಬೇಕು. ಬರುವ ನಾಲ್ಕು ಜನರನ್ನೇ ಹಿಡಿದಿಟ್ಟುಕೊಳ್ಳಿ, ಐದು ವರ್ಷ ಬಿಡದೆ ಬರುವ ನಾಲ್ವರು ಒಂದು ದಿನ ಬರುವ ನಾನೂರು ಜನಕ್ಕಿಂತ ವಾಸಿ.

ಬಾವುಟದವರನ್ನು ಓಡಿಸಬೇಡಿ. ಬಾವುಟ ಮನೆಯಲ್ಲಿಟ್ಟು ಬನ್ನಿ ಅನ್ನಿ. ಆಮೇಲೆ ಇನ್ನೊಂದು ಪಕ್ಷದವರನ್ನೂ ಹುಡುಕಿ ಕರೆತನ್ನಿ. ಇಬ್ಬರೂ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅಷ್ಟು ಸಾಕು.

ಪ್ರಶ್ನೆ: ಒಂದು ಮಾದರಿ ಪತ್ರ ಕೊಡಿ. ಎಷ್ಟು ಉದ್ದ ಇರಬೇಕು?
(ಓದುಗರು, ರಾಮನಗರ)

ಉತ್ತರ: ಒಂದು ಪುಟ ಮೀರಬಾರದು. 'ಪ್ರಾತಃಸ್ಮರಣೀಯ', 'ಜನಾನುರಾಗಿ' ಎಲ್ಲ ಬಿಡಿ. ಹೀಗೆ ಬರೆಯಿರಿ:

'ಮಾನ್ಯರೇ, ನಾವು (ನಿಲ್ದಾಣದ ಹೆಸರು) ನಿಲ್ದಾಣದಿಂದ ದಿನಾ ಬೆಂಗಳೂರಿಗೆ ಹೋಗುವ ಪಾಸ್‌ದಾರರು. ಬೆಳಿಗ್ಗೆಯ (ರೈಲಿನ ಸಂಖ್ಯೆ) ರೈಲಿನಲ್ಲಿ ಕಳೆದ ತಿಂಗಳು ನಾವು ಇಟ್ಟ ಲೆಕ್ಕ ಇದರ ಜೊತೆ ಇದೆ. ಈ ರೈಲಿಗೆ (ಇಷ್ಟು) ಬೋಗಿ ಸೇರಿಸಬೇಕು. ಇದು ನಿಮ್ಮ ಕಚೇರಿಯ ವ್ಯಾಪ್ತಿಯಲ್ಲಿದ್ದರೆ ಯಾವ ತಿಂಗಳೊಳಗೆ ಆಗುತ್ತದೆ ತಿಳಿಸಿ. ಇಲ್ಲದಿದ್ದರೆ ಯಾರ ವ್ಯಾಪ್ತಿ ಅಂತ ಬರಹದಲ್ಲಿ ತಿಳಿಸಿ. ಹಣದ ಕೊರತೆ ಕಾರಣವಾಗಿದ್ದರೆ, ಬೇಕಾದ ಮೊತ್ತ ಎಷ್ಟು, ಅದನ್ನು ಮುಂದಿನ ಬಜೆಟ್‌ಗೆ ಕೇಳಿದ್ದೀರಾ ಎಂಬುದನ್ನೂ ತಿಳಿಸಿ.'

ಕೆಳಗೆ ಸಹಿ, ನಿಲ್ದಾಣ, ಕ್ಷೇತ್ರ. ಪ್ರತಿಗಳು: ಸಂಸದರು, ಶಾಸಕರು, ವಿಭಾಗದ ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ನಿಮ್ಮ ಕಡೆಯವರು ಇದ್ದರೆ ಅವರು. ಅಂಚೆಯಲ್ಲಿ ಹಾಕಬೇಡಿ, ಕೈಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಒತ್ತಿಸಿಕೊಂಡು ಬನ್ನಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ, ಮೊಹರು ಇಟ್ಟುಕೊಂಡಿರುವವರು ಆಗ ಸೀಟಿನಲ್ಲಿ ಇರೋದಿಲ್ಲ.